ಸ್ಪಿನ್ನರ್ ತಟ್ಟೆಯ ತೂತನ್ನು 6.35ರಿಂದ 8 ಮಿ.ಮೀ.ಗೆ ಹಿಗ್ಗಿಸಬೇಕು: ನಡುಬಿಂದು ಸರಿಯದಂತೆ ಮಾಡುವುದು ಹೇಗೆ?

ಕಲಬುರಗಿ_ರೆಕ್ಕೆ

ಎಲ್ಲರಿಗೂ ಶರಣು. ನಾನು ಕಲಬುರಗಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. 0.46 ಘನ ಇಂಚಿನ, ಅಂದರೆ ಸುಮಾರು 7.5 ಸಿಸಿಯ ಗ್ಲೋ ಎಂಜಿನ್ ಹೊತ್ತಿದ್ದ ಹಳೆಯ ಮಾದರಿ ವಿಮಾನವೊಂದು ಕೈಗೆ ಬಂದಿದ್ದು, ಅದಕ್ಕೆ ವಿದ್ಯುತ್ ಮೋಟಾರು ಕೂರಿಸುತ್ತಿದ್ದೇನೆ. ಹಳೆಯ ಎಂಜಿನ್ನಿನ ಶಾಫ್ಟ್ ಕಾಲು ಇಂಚಿನದಾದ್ದರಿಂದ 57 ಮಿ.ಮೀ. ಅಲ್ಯೂಮಿನಿಯಂ ಸ್ಪಿನ್ನರಿನ (ಪ್ರೊಪೆಲ್ಲರಿನ ನಡುಭಾಗವನ್ನು ಮುಚ್ಚುವ ಕೋನ್ ಮತ್ತು ಅದರ ತಟ್ಟೆ) ಹಿಂದಿನ ತಟ್ಟೆಗೆ 6.35 ಮಿ.ಮೀ. ತೂತಿದೆ. ಹೊಸ ಮೋಟಾರಿನ ಪ್ರೊಪೆಲ್ಲರ್ ಅಡಾಪ್ಟರ್ 8 ಮಿ.ಮೀ. ಥ್ರೆಡ್ಡಿನದು.

ಇದಲ್ಲದೆ ಇನ್ನೂ ಮೂರು ಕಡೆ ಇದೇ ಬಗೆಯ ಕೆಲಸವಿದೆ. 3 ಮಿ.ಮೀ. ದಪ್ಪದ ಡ್ಯುರಾಲುಮಿನ್ ಲ್ಯಾಂಡಿಂಗ್ ಗೇರಿನ ಆಕ್ಸಲ್ ತೂತುಗಳು 4 ಮಿ.ಮೀ. ಇದ್ದು, ಅವು 5 ಆಗಬೇಕು. ಅವುಗಳಲ್ಲಿ ಒಂದು ಇನ್ನೊಂದಕ್ಕಿಂತ 0.4 ಮಿ.ಮೀ. ಮೇಲಿದೆ. ಚಕ್ರ ಆಕ್ಸಲಿನಿಂದ ಜಾರದಂತೆ ಸ್ಕ್ರೂ ಹಾಕಿ ಹಿಡಿಸುವ ಉಂಗುರಗಳು, ಅಂದರೆ ಕಾಲರುಗಳೂ 4ರಿಂದ 5 ಆಗಬೇಕು. ಹಿತ್ತಾಳೆಯ ಕಂಟ್ರೋಲ್ ಹಾರ್ನಿನಲ್ಲಿ (ವಿಮಾನವನ್ನು ತಿರುಗಿಸುವ ಫಲಕವನ್ನು ಸರ್ವೋ ಮೋಟಾರು ಎಳೆಯಲು ಇರುವ ಸಣ್ಣ ತೋಳು) 1.6ರ ತೂತು 2 ಮಿ.ಮೀ. ಆಗಬೇಕು.

ನನ್ನ ಬಳಿ ಕೈ ಡ್ರಿಲ್, ಸಣ್ಣ ಬೆಂಚ್ ವೈಸ್, ವರ್ನಿಯರ್ ಇವೆ. ಕಾಲೇಜಿನ ವರ್ಕ್‌ಶಾಪಿನಲ್ಲಿ ಅನುಮತಿ ಪಡೆದು ಕೆಲಸ ಮಾಡಬಹುದು. ರದ್ದಿ ತಟ್ಟೆಯೊಂದರ ಮೇಲೆ 8 ಮಿ.ಮೀ. ಬಿಟ್ಟಿನಿಂದ ಪರೀಕ್ಷಿಸಿದಾಗ ತೂತು ದುಂಡಾಗದೆ ಮೂರು ಮೂಲೆಯದಾಯಿತು, ಜೊತೆಗೆ ಒಂದು ಪಕ್ಕಕ್ಕೆ ಎಳೆಯಿತು. ಅಸಲಿ ತಟ್ಟೆಯನ್ನು ಮುಟ್ಟುವ ಮೊದಲು ತಿಳಿದವರ ಮಾತು ಕೇಳಬೇಕೆಂದು ಬರೆಯುತ್ತಿದ್ದೇನೆ.

ಯಾದಗಿರಿ_ಫಿಟ್ಟರ್

ಮೂರು ಮೂಲೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಸಾಮಾನ್ಯ ಡ್ರಿಲ್ ಬಿಟ್ಟಿಗೆ ಕತ್ತರಿಸುವ ಅಂಚುಗಳು ಎರಡೇ. ಗಟ್ಟಿ ಲೋಹದಲ್ಲಿ ಹೊಸ ತೂತು ಕೊರೆಯುವಾಗ ನಡುವಿನ ಮೊನೆ ಲೋಹದಲ್ಲಿ ಊರಿಕೊಂಡು ಬಿಟ್ಟನ್ನು ಹಿಡಿದಿಡುತ್ತದೆ. ಆಗಲೇ ಇರುವ ತೂತನ್ನು ಹಿಗ್ಗಿಸುವಾಗ ಆ ಮೊನೆ ಗಾಳಿಯಲ್ಲಿ ತೂಗುತ್ತಿರುತ್ತದೆ, ಹೊರ ಮೂಲೆಗಳೆರಡು ಮಾತ್ರ ಲೋಹವನ್ನು ತಾಕುತ್ತವೆ. ಹಿಡಿತವಿಲ್ಲದ ಎರಡಂಚಿನ ಉಪಕರಣ ಅಲುಗುತ್ತಾ ತಿರುಗಿದರೆ ತೂತಿಗೆ ಅಂಚಿಗಿಂತ ಒಂದು ಹೆಚ್ಚು, ಅಂದರೆ ಮೂರು ಮೂಲೆ ಬರುತ್ತದೆ. ಮೂರು ಅಥವಾ ನಾಲ್ಕು ಅಂಚಿನ ಕೋರ್ ಡ್ರಿಲ್ಲುಗಳನ್ನು ಹಿಗ್ಗಿಸುವ ಕೆಲಸಕ್ಕೆಂದೇ ಮಾಡಿರುವುದೂ ಇದೇ ಕಾರಣಕ್ಕೆ. ಆದರೆ ಸಣ್ಣ ಅಳತೆಯಲ್ಲಿ ಅವು ಸುಲಭವಾಗಿ ಸಿಗುವುದಿಲ್ಲ.

ಬಿಟ್ಟನ್ನೇ ಬಳಸಲೇಬೇಕಾದರೆ ತಟ್ಟೆಯನ್ನು ಎರಡು ಗಟ್ಟಿ ಮರದ ತುಂಡುಗಳ ನಡುವೆ ಒತ್ತಿ ಕಟ್ಟಿ, ಪಿಲ್ಲರ್ ಡ್ರಿಲ್ಲಿನಲ್ಲಿ ನಿಧಾನವಾಗಿ ಇಳಿಸಿರಿ. ತಟ್ಟೆಯನ್ನು ಕೈಯಲ್ಲಿ ಹಿಡಿಯಲೇಬೇಡಿ. ಬಿಟ್ಟು ತಟ್ಟೆಯ ಅಡಿಯನ್ನು ದಾಟುವ ಗಳಿಗೆಯಲ್ಲಿ ಕಚ್ಚಿಕೊಂಡರೆ ತಟ್ಟೆಯೇ ತಿರುಗುವ ಬ್ಲೇಡ್ ಆಗುತ್ತದೆ.

ತೆಳು ತಟ್ಟೆಗೆ ಡ್ರಿಲ್ ಬಿಟ್ಟಿಗಿಂತ ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಸ್ಟೆಪ್ ಡ್ರಿಲ್ ಮೇಲು. ಒಂದು ಮೆಟ್ಟಿಲಿನ ಎತ್ತರ ತಟ್ಟೆಯ ದಪ್ಪಕ್ಕಿಂತ ಹೆಚ್ಚಿರಬೇಕು ಎಂಬುದನ್ನು ಮಾತ್ರ ನೋಡಿಕೊಳ್ಳಿರಿ.

ಬೀದರ್_ಬಾಲ್ಸಾ

ನಮ್ಮ ಹವ್ಯಾಸದಲ್ಲಿ ಇದಕ್ಕೆಂದೇ ಒಂದು ಉಪಕರಣವಿದೆ: ಪ್ರೊಪೆಲ್ಲರ್ ರೀಮರ್. ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುತ್ತಾ ಹೋಗುವ ಈ ಕೈ ರೀಮರನ್ನು ಪ್ರೊಪೆಲ್ಲರಿನ ತೂತು ಹಿಗ್ಗಿಸಲು ಮಾಡಿದ್ದಾರೆ, ಆದರೆ ಅಲ್ಯೂಮಿನಿಯಂ ಸ್ಪಿನ್ನರ್ ತಟ್ಟೆಗೂ ಅದು ಸಾಕು. ಇದರಲ್ಲಿ ಎರಡು ಜಾತಿಗಳಿವೆ. ಇಂಚಿನ ರೀಮರಿನ ಮೆಟ್ಟಿಲುಗಳು 1/4, 5/16, 3/8 ಹೀಗೆ ಸಾಗುತ್ತವೆ. ಮೆಟ್ರಿಕ್ ರೀಮರಿನವು 6, 7, 8, 10 ಮಿ.ಮೀ.

8 ಮಿ.ಮೀ. ಬೇಕೆಂದು ನೀವು ಮೆಟ್ರಿಕ್ ರೀಮರನ್ನು ಕೈಗೆತ್ತಿಕೊಳ್ಳುವುದು ಸಹಜ, ಆದರೆ ತಟ್ಟೆಯ ತೂತು 6.35 ಇರುವುದರಿಂದ ಅದರ 6 ಮಿ.ಮೀ. ಮೆಟ್ಟಿಲು ಒಳಗೆ 0.35ರಷ್ಟು ಸಡಿಲವಾಗಿ ಓಲಾಡುತ್ತದೆ, ಮುಂದಿನ ಮೆಟ್ಟಿಲು ಕತ್ತರಿಸಲು ಆರಂಭಿಸುವ ಹೊತ್ತಿಗೆ ನಡುಬಿಂದು 0.17ರವರೆಗೆ ಯಾವ ಕಡೆಗಾದರೂ ಸರಿದಿರಬಹುದು. ಇಂಚಿನ ರೀಮರಿನ ಮೊದಲ ಮೆಟ್ಟಿಲು ಕಾಲು ಇಂಚಿನ ತೂತಿನಲ್ಲಿ ಬಿಗಿಯಾಗಿ ಕೂತು 5/16ರ ಮೆಟ್ಟಿಲಿಗೆ ದಾರಿ ತೋರಿಸುತ್ತದೆ. 5/16 ಎಂದರೆ 7.94 ಮಿ.ಮೀ. ಉಳಿದ 0.06ನ್ನು 8 ಮಿ.ಮೀ. ಕೈ ರೀಮರಿನಿಂದ ತೆಗೆಯಬಹುದು. ನಮ್ಮ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇಂದಿಗೂ ‘ಎರಡು ಸೂತ್’ ಬಿಟ್ಟು ಕೇಳಿದರೆ 6.35 ಕೊಡುತ್ತಾರೆ, ಆದರೆ ರೀಮರ್ ಅಲ್ಲಿ ದೊರೆಯುವುದು ಕಷ್ಟ. ಸಿಕಂದರಾಬಾದಿನ ರಾಣಿಗಂಜಿಗೆ ಹೋಗುವವರಿದ್ದರೆ ಅವರ ಕೈಯಲ್ಲಿ ತರಿಸಿಕೊಳ್ಳಿರಿ. ಬೇಕಿದ್ದರೆ ನನ್ನ ಇಂಚಿನ ರೀಮರನ್ನು ಕೆಲವು ದಿನಗಳ ಮಟ್ಟಿಗೆ ಕೊಡಬಲ್ಲೆ.

ರೀಮರನ್ನು ಮುಂದಕ್ಕೆ ತಿರುಗಿಸುತ್ತಲೇ ಒಳಗೆ ಬಿಡಬೇಕು, ಮುಂದಕ್ಕೆ ತಿರುಗಿಸುತ್ತಲೇ ಹೊರಗೆ ತೆಗೆಯಬೇಕು. ಹಿಂದಕ್ಕೆ ತಿರುಗಿಸಿದರೆ ಲೋಹದ ಚೂರು ಹಲ್ಲಿನ ಬೆನ್ನಿಗೆ ಸಿಕ್ಕಿ ಅಂಚು ಮುರಿಯುತ್ತದೆ.

ಕಪನೂರು_ಟರ್ನರ್

ತಮ್ಮಾ, ಮೇಲಿನ ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ, ಆದರೆ ಇಬ್ಬರೂ ಒಂದು ಪ್ರಶ್ನೆಯನ್ನು ಬಿಟ್ಟಿದ್ದಾರೆ. ತೂತು ಹಿಗ್ಗಿಸುವುದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು ಅಳತೆ, ಇನ್ನೊಂದು ಸ್ಥಾನ. ಅಳತೆಯನ್ನು ಉಪಕರಣ ಕೊಡುತ್ತದೆ. ಸ್ಥಾನವನ್ನು ನೀನು ವಸ್ತುವನ್ನು ಹಿಡಿದ ರೀತಿ ಕೊಡುತ್ತದೆ. ಯಾವ ಉಪಕರಣ ಯಾವುದನ್ನು ಸರಿಪಡಿಸುತ್ತದೆ ಎಂದು ಗೊತ್ತಿಲ್ಲದೆ ಒಳ್ಳೆಯ ರೀಮರ್ ಕೊಂಡರೂ ಪ್ರಯೋಜನವಿಲ್ಲ.

ರೀಮರ್ ಅಳತೆಯ ಉಪಕರಣ. ಮಳೆಗಾಲದ ಎರೆಹೊಲದಲ್ಲಿ ಹಳೆಯ ಜಾಡಿಗೆ ಬಿದ್ದ ಬಂಡಿಯ ಗಾಲಿಯಂತೆ ಅದು ಇದ್ದ ತೂತಿನ ದಾರಿಯನ್ನೇ ಹಿಡಿದು ಹೋಗುತ್ತದೆ. ಮೊದಲ ತೂತು ನಡುವಿನಲ್ಲಿದ್ದರೆ ಹೊಸದೂ ನಡುವಿನಲ್ಲಿ ಬರುತ್ತದೆ, ಪಕ್ಕದಲ್ಲಿದ್ದರೆ ಪಕ್ಕದಲ್ಲೇ ಬರುತ್ತದೆ. ಡ್ರಿಲ್ ಬಿಟ್ಟೂ ಹಳೆಯ ತೂತನ್ನೇ ಅನುಸರಿಸುತ್ತದೆ, ಆದರೆ ಅಷ್ಟು ನಿಷ್ಠೆಯಿಂದಲ್ಲ. ಹಳೆಯ ತೂತನ್ನು ಲೆಕ್ಕಿಸದೆ ತನ್ನದೇ ನಡುಬಿಂದುವಿನ ಸುತ್ತ ಕತ್ತರಿಸುವುದು ಲೇಥಿನ ಬೋರಿಂಗ್ ಬಾರ್, ಇಲ್ಲವೇ ಮಿಲ್ಲಿಂಗ್ ಯಂತ್ರದ ಕಟ್ಟರ್. ಸ್ಥಾನ ಸರಿಪಡಿಸುವ ಶಕ್ತಿ ಇವೆರಡಕ್ಕೇ ಇದೆ.

ಹಾಗಾಗಿ ಮೊದಲು ಕೇಳಬೇಕಾದದ್ದು, ಆ 6.35ರ ತೂತು ಈಗ ಎಲ್ಲಿದೆ ಎಂಬುದು. ಇಲ್ಲಿ ಆಧಾರ ಯಾವುದು? ತಟ್ಟೆಯ ಹೊರ ಅಂಚಿನಲ್ಲಿ ಕೋನ್ ಬಂದು ಕೂರುವ ಸಣ್ಣ ಮೆಟ್ಟಿಲಿದೆಯಲ್ಲ, ಅದೇ ಆಧಾರ. ತೂತಿನಲ್ಲಿ ಬಿಗಿಯಾಗಿ ಕೂರುವ ಕಾಲು ಇಂಚಿನ ನೇರ ಕಂಬಿಯೊಂದನ್ನು ಹಾಕಿ, ಕಂಬಿಯನ್ನು ವಿ-ಬ್ಲಾಕಿನ (‘ವಿ’ ಆಕಾರದ ಕಚ್ಚಿರುವ ತುಂಡು) ಮೇಲಿಟ್ಟು, ಸೂಕ್ಷ್ಮ ಏರಿಳಿತವನ್ನು ತೋರಿಸುವ ಡಯಲ್ ಇಂಡಿಕೇಟರಿನ ಮುಳ್ಳನ್ನು ಆ ಮೆಟ್ಟಿಲಿಗೆ ತಾಗಿಸಿ, ಕೈಯಿಂದ ಒಂದು ಸುತ್ತು ತಿರುಗಿಸು. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಗಳ ವ್ಯತ್ಯಾಸದ ಅರ್ಧ ನಿನ್ನ ತೂತು ಸರಿದಿರುವ ದೂರ. ಅದು ಕಡಿಮೆಯಿದ್ದರೆ ಬೀದರಿನವರು ಹೇಳಿದ ರೀಮರ್ ಸಾಕು. ಹೆಚ್ಚಿದ್ದರೆ ತಟ್ಟೆಯನ್ನು ಲೇಥಿಗೆ ತೆಗೆದುಕೊಂಡು ಹೋಗಬೇಕು.

ಲೇಥಿನಲ್ಲಿ ವಸ್ತುವನ್ನು ಮೂರು ದವಡೆಗಳಿಂದ ಹಿಡಿಯುವ ಚಕ್ಕಿಗೆ ಸುಮ್ಮನೆ ಕಚ್ಚಿಸಿದರೆ ಆಗುವುದಿಲ್ಲ. ಹಳೆಯ ಚಕ್ಕು ತಾನೇ 0.05ರಿಂದ 0.1ರವರೆಗೆ ಓಲಾಡುತ್ತಿರುತ್ತದೆ, ಜೊತೆಗೆ ತೆಳು ತಟ್ಟೆಯ ಅಂಚನ್ನು ಒತ್ತಿ ಸೊಟ್ಟ ಮಾಡುತ್ತದೆ. ಅಲ್ಯೂಮಿನಿಯಂ ಅಥವಾ ಗಟ್ಟಿ ಮರದ ತುಂಡೊಂದನ್ನು ಚಕ್ಕಿಗೆ ಹಾಕಿ, ಅಲ್ಲಿಯೇ ಅದರಲ್ಲಿ ತಟ್ಟೆಯ ಮೆಟ್ಟಿಲು ಬಿಗಿಯಾಗಿ ಕೂರುವಷ್ಟು ಗುಂಡಿ ತಿರುವಿ, ತಟ್ಟೆಯನ್ನು ಅದರಲ್ಲಿ ಕೂರಿಸಿ ಅಂಚಿನಿಂದ ಸ್ಕ್ರೂ ಹಾಕಿ ಒತ್ತಬೇಕು. ಆ ಗುಂಡಿ ಅದೇ ಚಕ್ಕಿನಲ್ಲಿ ಹುಟ್ಟಿದ್ದರಿಂದ ಚಕ್ಕಿನ ದೋಷ ತಟ್ಟೆಗೆ ತಟ್ಟುವುದಿಲ್ಲ. ಕೆಲಸ ಮುಗಿಯುವ ತನಕ ತುಂಡನ್ನು ಸಡಿಲಿಸಬಾರದು ಅಷ್ಟೇ. 5 ಮಿ.ಮೀ. ದಪ್ಪದ ಸಣ್ಣ ಬೋರಿಂಗ್ ಬಾರಿನಿಂದ ಪ್ರತಿ ಸಲ 0.1 ಆಳ ತೆಗೆಯುತ್ತಾ ಹೋಗಿ, ಕೊನೆಯ ಸಲ ಆಳ ಕೊಡದೆ ಅದೇ ಅಳತೆಯಲ್ಲಿ ಇನ್ನೊಮ್ಮೆ ಓಡಿಸಬೇಕು. ಸಣ್ಣ ಬಾರ್ ಬಾಗುತ್ತದೆ. ಬಾಗಿದ್ದು ಆ ಖಾಲಿ ಓಟದಲ್ಲಿ ನೆಟ್ಟಗಾಗಿ ಉಳಿದದ್ದನ್ನು ತೆಗೆಯುತ್ತದೆ.

ಕಲಬುರಗಿ_ರೆಕ್ಕೆ

ಕಾಕಾ, ತುಂಬಾ ಉಪಕಾರವಾಯಿತು. ‘ಕಡಿಮೆಯಿದ್ದರೆ ಸಾಕು’ ಎಂದಿರಿ. ಎಷ್ಟು ಕಡಿಮೆ ಎಂದು ಹೇಗೆ ತೀರ್ಮಾನಿಸುವುದು?

ಭಾಲ್ಕಿ_ಮಾಸ್ತರ

ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ತಿರುಗುವ ವಸ್ತುವಿನ ನಡುಬಿಂದು ಸರಿದಿದ್ದರೆ ಶಾಫ್ಟಿನ ಮೇಲೆ ಬೀಳುವ ಬಲವು ತೂಕ, ಸರಿದ ದೂರ ಮತ್ತು ಕೋನವೇಗದ ವರ್ಗ, ಈ ಮೂರರ ಗುಣಲಬ್ಧ. ಸ್ಪಿನ್ನರ್ 60 ಗ್ರಾಂ ಇದ್ದು ನಿಮಿಷಕ್ಕೆ 9000 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 150 ಸುತ್ತು. ಕೋನವೇಗ ಸುಮಾರು 942 ರೇಡಿಯನ್. 0.2 ಮಿ.ಮೀ. ಸರಿದಿದ್ದರೆ ಬಲ ಸುಮಾರು 10.7 ನ್ಯೂಟನ್. ಅಂದರೆ ಒಂದು ಕಿಲೋಗ್ರಾಂಗಿಂತ ತುಸು ಹೆಚ್ಚಿನ ತೂಕವೊಂದು ಮೋಟಾರಿನ ಮೂತಿಯನ್ನು ಸೆಕೆಂಡಿಗೆ 150 ಸಲ ಸುತ್ತಲೂ ಎಳೆದಾಡಿದಂತೆ. 0.05 ಸರಿದಿದ್ದರೆ 2.7 ನ್ಯೂಟನ್, 0.03 ಆದರೆ 1.6 ನ್ಯೂಟನ್.

ವೇಗದ ವರ್ಗ ಬರುವುದರಿಂದ ಸುತ್ತು ಅರ್ಧವಾದರೆ ಬಲ ಕಾಲು ಭಾಗಕ್ಕಿಳಿಯುತ್ತದೆ. ಕೈಯಲ್ಲಿ ತಿರುಗಿಸಿದಾಗಲೂ ನಿಧಾನ ಓಡಿಸಿದಾಗಲೂ ಸರಿಯಾಗಿಯೇ ಕಂಡ ಸ್ಪಿನ್ನರ್ ಪೂರ್ಣ ವೇಗದಲ್ಲಿ ನಡುಗಲು ಇದೇ ಕಾರಣ. ನನ್ನ ಅಭಿಪ್ರಾಯದಲ್ಲಿ ಈ ಗಾತ್ರದ ಮಾದರಿಗೆ 0.05ರೊಳಗಿದ್ದರೆ ಚಿಂತೆ ಬೇಡ, 0.1 ದಾಟಿದರೆ ಹಾರಿಸಬೇಡಿ.

ಬೀದರ್_ಬಾಲ್ಸಾ

ಇನ್ನೊಂದು ವಿಷಯ. ತೂತು 8 ಆಗಬೇಕು ಎಂದು ಎಲ್ಲರೂ ಮಾತನಾಡುತ್ತಿದ್ದೇವೆ. ಅಡಾಪ್ಟರನ್ನು ಅಳೆದಿದ್ದೀರಾ? ಎಂ8 ಥ್ರೆಡ್ಡಿನ ಹೊರ ವ್ಯಾಸ ಎಂದಿಗೂ ಪೂರ್ಣ 8 ಇರುವುದಿಲ್ಲ. ಸಾಮಾನ್ಯ 6ಜಿ ದರ್ಜೆಯ (ಅಳತೆಯಲ್ಲಿ ಎಷ್ಟು ಏರುಪೇರು ಒಪ್ಪಬಹುದು ಎಂಬುದರ ದರ್ಜೆ) ಥ್ರೆಡ್ 7.76ರಿಂದ 7.97ರ ನಡುವೆ ಎಲ್ಲಿಯಾದರೂ ಇರಬಹುದು. ಅಡಾಪ್ಟರ್ 7.8 ಇದ್ದು ತೂತನ್ನು ಚೆಂದವಾಗಿ 8.00 ಮಾಡಿದರೆ ನೀವೇ 0.2ರ ಸಡಿಲವನ್ನು ಸಂಪಾದಿಸಿಕೊಂಡಂತೆ.

ಕಪನೂರು_ಟರ್ನರ್

ಬೀದರಿನವರ ಮಾತು ನೂರಕ್ಕೆ ನೂರು ಸರಿ. ಜೋಡಿ ಭಾಗವನ್ನು ಕೈಯಲ್ಲಿಟ್ಟುಕೊಂಡೇ ತೂತು ಮಾಡಬೇಕು. ನಮ್ಮ ಅಂಗಡಿಗೆ ಬರುವವರು ಬಹಳ ಸಲ ಶಾಫ್ಟನ್ನು ಮನೆಯಲ್ಲಿ ಬಿಟ್ಟು ಬುಷ್ ಮಾತ್ರ ತಂದು ‘ಇಪ್ಪತ್ತರ ತೂತು ಮಾಡಿಕೊಡಿ’ ಎನ್ನುತ್ತಾರೆ. ಶಾಫ್ಟ್ ತರುವ ತನಕ ನಾನು ಯಂತ್ರ ಚಾಲೂ ಮಾಡುವುದಿಲ್ಲ.

ಕಲಬುರಗಿ_ರೆಕ್ಕೆ

ಅಡಾಪ್ಟರನ್ನು ಕಾಲೇಜಿನ ಮೈಕ್ರೋಮೀಟರಿನಿಂದ ಅಳೆದೆ: 7.88. ತಟ್ಟೆಯನ್ನು ಕಾಕಾ ಹೇಳಿದಂತೆ ವಿ-ಬ್ಲಾಕಿನ ಮೇಲೆ ತಿರುಗಿಸಿದಾಗ ಡಯಲಿನಲ್ಲಿ ಒಟ್ಟು ವ್ಯತ್ಯಾಸ 0.06 ಬಂತು, ಅಂದರೆ ತೂತು 0.03 ಸರಿದಿದೆ. ಹಾಗಿದ್ದರೆ 5/16ರ ಮೆಟ್ಟಿಲಿಗೇ ನಿಲ್ಲಿಸಿದರೆ 7.94 ಆಗಿ, ಅಡಾಪ್ಟರಿಗೆ 0.06ರ ಸಡಿಲ ಉಳಿಯುತ್ತದೆ. 8 ಮಿ.ಮೀ. ರೀಮರೇ ಬೇಕಾಗಿಲ್ಲ ಎಂದು ಅರ್ಥವೇ?

ಕಪನೂರು_ಟರ್ನರ್

ಬೇಕಾಗಿಲ್ಲ. ಲೇಥೂ ಬೇಕಾಗಿಲ್ಲ. ಸೀಮೆಎಣ್ಣೆ ಹನಿಸುತ್ತಾ ಕೈಯಲ್ಲೇ ತಿರುಗಿಸು. ಅದು ಸಿಗದಿದ್ದರೆ ಡಬ್ಲ್ಯುಡಿ-40 ಆದೀತು. ಒಣಗಿದ್ದಾಗ ಅಲ್ಯೂಮಿನಿಯಂ ಹಲ್ಲಿನ ತುದಿಗೆ ಬೆಸೆದುಕೊಂಡು, ಆ ಗಂಟೇ ಹಲ್ಲಿನ ಬದಲು ಕತ್ತರಿಸಲು ಆರಂಭಿಸುತ್ತದೆ. ತೂತು ದೊಡ್ಡದೂ ಒರಟೂ ಆಗುತ್ತದೆ.

ಯಾದಗಿರಿ_ಫಿಟ್ಟರ್

ಅಳತೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಸಣ್ಣ ತೂತುಗಳನ್ನು ವರ್ನಿಯರಿನ ಒಳ ದವಡೆಗಳಿಂದ ಅಳೆದು ನಂಬಬೇಡಿ. ಆ ದವಡೆಗಳ ಅಂಚು ಚೂಪಾಗಿರದೆ ಸಣ್ಣ ಚಪ್ಪಟೆ ಪಟ್ಟಿಯಾಗಿರುವುದರಿಂದ ದುಂಡು ಗೋಡೆಯ ತುತ್ತತುದಿಯನ್ನು ಮುಟ್ಟುವುದಿಲ್ಲ. ತೂತು ಸಣ್ಣದಾದಷ್ಟೂ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತವೆ. 4, 5 ಮಿ.ಮೀ. ತೂತಿಗೆ ಹಳೆಯ ನೀಡಲ್ ಬೇರಿಂಗಿನ ರೋಲರುಗಳನ್ನು ಕೂಡಿಟ್ಟುಕೊಳ್ಳಿರಿ. ಕೆಲವೇ ಮೈಕ್ರಾನಿನೊಳಗೆ ಉಜ್ಜಿ ಮಾಡಿರುವ ಅವಕ್ಕಿಂತ ಅಗ್ಗದ ಗೇಜ್ ಬೇರೊಂದಿಲ್ಲ. ಸವೆದವನ್ನು ಮೈಕ್ರೋಮೀಟರಿನಲ್ಲಿ ನೋಡಿ ಬೇರ್ಪಡಿಸಿದರಾಯಿತು. ಡವೆಲ್ ಪಿನ್ನುಗಳೂ ಆಗುತ್ತವೆ, ಆದರೆ ಎಂ6 ದರ್ಜೆಯ (ಇದು ಥ್ರೆಡ್ಡಿನ ಹೆಸರಲ್ಲ, ಅಳತೆಯ ಏರುಪೇರಿನ ದರ್ಜೆ) ಪಿನ್ನುಗಳು ಹೆಸರಿನ ಅಳತೆಗಿಂತ ಉದ್ದೇಶಪೂರ್ವಕವಾಗಿ ದಪ್ಪವಿರುತ್ತವೆ: 4 ಮಿ.ಮೀ. ಪಿನ್ನು 4.004ರಿಂದ 4.012ರವರೆಗೆ ಇರುತ್ತದೆ.

ಸೇಡಂ_ಹವ್ಯಾಸಿ

ಬಹುಶಃ ಅಜ್ಞಾನದ ಪ್ರಶ್ನೆ. ನಮ್ಮ ಕಡೆ ಮೇ ತಿಂಗಳಲ್ಲಿ ಶೆಡ್ಡಿನೊಳಗೆ 42 ಡಿಗ್ರಿ ಇರುತ್ತದೆ. ಇಷ್ಟು ಸೂಕ್ಷ್ಮ ಅಳತೆಯಲ್ಲಿ ಬಿಸಿಲು ತೂತನ್ನು ಹಿಗ್ಗಿಸುವುದಿಲ್ಲವೇ?

ಭಾಲ್ಕಿ_ಮಾಸ್ತರ

ಅಜ್ಞಾನದ್ದಲ್ಲ, ಒಳ್ಳೆಯ ಪ್ರಶ್ನೆ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಒಂದು ಮೀಟರಿನಲ್ಲಿ 23 ಮೈಕ್ರಾನ್ ಹಿಗ್ಗುತ್ತದೆ. 5 ಮಿ.ಮೀ. ತೂತು 20 ಡಿಗ್ರಿಯಿಂದ 42 ಡಿಗ್ರಿಗೆ ಏರಿದರೆ ಹಿಗ್ಗುವುದು ಎರಡೂವರೆ ಮೈಕ್ರಾನ್ ಮಾತ್ರ. ಒಳಗಿನ ಉಕ್ಕಿನ ಆಕ್ಸಲ್ಲೂ ಅದರ ಅರ್ಧದಷ್ಟು ಹಿಗ್ಗಿರುತ್ತದೆ. ಬಿಸಿಲನ್ನು ಮರೆತುಬಿಡಿ.

ಮರೆಯಬಾರದ ಬಿಸಿ ಬೇರೆಯಿದೆ. ಡ್ರಿಲ್ ಮಾಡಿದ ಕೂಡಲೇ ಭಾಗ ಕೈ ಸುಡುವಷ್ಟು ಕಾದಿರುತ್ತದೆ. ಸುತ್ತಲಿನ ಗಾಳಿಗಿಂತ 60 ಡಿಗ್ರಿ ಹೆಚ್ಚು ಬಿಸಿಯಿರುವಾಗಲೇ ರೀಮರ್ ಹಾಕಿದರೆ, ತಣ್ಣಗಾದ ಮೇಲೆ 5 ಮಿ.ಮೀ. ತೂತು ಸುಮಾರು 7 ಮೈಕ್ರಾನ್ ಕುಗ್ಗುತ್ತದೆ. ರೀಮ್ ಮಾಡಿದ ತೂತಿಗೆ ಬಳಸುವ ಎಚ್7 ದರ್ಜೆಯಲ್ಲಿ ಈ ಅಳತೆಗೆ ಇರುವ ಒಟ್ಟು ಏರುಪೇರಿನ ಅವಕಾಶವೇ 12 ಮೈಕ್ರಾನ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಹೋಗುತ್ತದೆ. ಡ್ರಿಲ್ ಮಾಡಿ, ಚಹಾ ಕುಡಿದು ಬಂದು, ಆಮೇಲೆ ರೀಮ್ ಮಾಡಿರಿ.

ಕಪನೂರು_ಟರ್ನರ್

ಈಗ ಲ್ಯಾಂಡಿಂಗ್ ಗೇರಿಗೆ ಬರೋಣ, ಏಕೆಂದರೆ ನಿನ್ನ ನಾಲ್ಕು ಕೆಲಸಗಳಲ್ಲಿ ನಿಜವಾಗಿ ಕಷ್ಟದ್ದು ಅದೊಂದೇ. ಕಾಲರುಗಳನ್ನು ಹಿಗ್ಗಿಸುವ ಗೋಜಿಗೇ ಹೋಗಬೇಡ. 4ರ ಕಾಲರನ್ನು 5 ಮಾಡಿದರೆ ಗೋಡೆ ತೆಳ್ಳಗಾಗಿ ಸ್ಕ್ರೂವಿಗೆ ಥ್ರೆಡ್ ಸಾಲುವುದಿಲ್ಲ. ಕೆಲವೇ ರೂಪಾಯಿಗಳಿಗೆ 5ರ ಕಾಲರ್ ಸಿಗುತ್ತದೆ.

ಗೇರಿನ ತೂತು 0.4 ಮೇಲಿದೆ ಎಂದೆ. ಸ್ಥಾನವೇ ತಪ್ಪಿರುವುದರಿಂದ ಇಲ್ಲಿ ರೀಮರ್ ಉಪಯೋಗಕ್ಕೆ ಬರುವುದಿಲ್ಲ, ಆದರೆ ಅದೃಷ್ಟ ನಿನ್ನ ಕಡೆಗಿದೆ. ಹಳೆಯ ತೂತಿನ ತ್ರಿಜ್ಯ 2, ಹೊಸದರದು 2.5. ಹೊಸ ವೃತ್ತದ ನಡುಬಿಂದುವನ್ನು 0.5ರವರೆಗೆ ಸರಿಸಿದರೂ ಹಳೆಯ ತೂತು ಪೂರ್ತಿಯಾಗಿ ಹೊಸದರ ಹೊಟ್ಟೆಯೊಳಗೇ ಬರುತ್ತದೆ. 0.4 ಸರಿಸಿದಾಗ ಒಂದು ಬದಿಯಲ್ಲಿ 0.9, ಎದುರು ಬದಿಯಲ್ಲಿ 0.1 ಮಾತ್ರ ಕತ್ತರಿಸಬೇಕಾಗುತ್ತದೆ. ಬದಿಗಳ ಈ ಅಸಮಾನತೆಯೇ ತೊಂದರೆ. ಡ್ರಿಲ್ ಬಿಟ್ಟು ಹಾಕಿದರೆ 0.9ರ ಬದಿ ಅದನ್ನು ತಳ್ಳಿ ಹಳೆಯ ತೂತಿಗೇ ಮರಳಿಸುತ್ತದೆ.

ಕಾಲೇಜಿನಲ್ಲಿ ಮಿಲ್ಲಿಂಗ್ ಯಂತ್ರವಿದ್ದರೆ ಗೇರನ್ನು ಟೇಬಲ್ಲಿಗೆ ಗಟ್ಟಿಯಾಗಿ ಕಟ್ಟಿ, ಸರಿಯಿರುವ ತೂತಿನಿಂದ ಅಳೆದು ಹೊಸ ನಡುಬಿಂದುವಿಗೆ ಬಂದು, 4.8ರ ಹತ್ತಿರದ ಎರಡಂಚಿನ ಸ್ಲಾಟ್ ಕಟ್ಟರ್ ಇಳಿಸು. ಆಮೇಲೆ ಟೇಬಲ್ ಕದಲಿಸದೆ ಅಲ್ಲಿಯೇ 5ರ ರೀಮರ್ ಹಾಕು. ಈಗ ರೀಮರ್ ಅನುಸರಿಸುವುದು ಕಟ್ಟರ್ ಕೊರೆದ ಹೊಸ ದಾರಿಯನ್ನು. ಮಿಲ್ಲಿಂಗ್ ಯಂತ್ರವಿಲ್ಲದಿದ್ದರೆ 12 ಮಿ.ಮೀ. ದಪ್ಪದ ಉಕ್ಕಿನ ತುಂಡಿಗೆ 4.8ರ ನೇರ ತೂತು ಹಾಕಿ, ಅದನ್ನು ಗೇರಿನ ಮೇಲೆ ಹೊಸ ಜಾಗಕ್ಕೆ ಸರಿಯಾಗಿ ಕ್ಲ್ಯಾಂಪ್ ಮಾಡಿ, ಅದರ ಮೂಲಕ ಬಿಟ್ಟು ಇಳಿಸಿದರೆ ಬಿಟ್ಟಿಗೆ ಪಕ್ಕಕ್ಕೆ ಹೋಗಲು ಜಾಗವಿರುವುದಿಲ್ಲ.

ತೂತಿನ ನಡುವಿನಿಂದ ತಟ್ಟೆಯ ಅಂಚಿಗೆ ವ್ಯಾಸದ ಎರಡರಷ್ಟು, ಅಂದರೆ 10 ಮಿ.ಮೀ. ಉಳಿದಿದೆಯೇ ಎಂದು ಮೊದಲೇ ನೋಡಿಕೋ. ದೊಡ್ಡ ವಿಮಾನಗಳ ತಗಡಿನ ಕೆಲಸದಲ್ಲಿ ರಿವೆಟ್ಟುಗಳಿಗೆ ಪಾಲಿಸುವ ನಿಯಮವದು. ಇಲ್ಲಿಯೂ ಪಾಲಿಸಿದರೆ ನಷ್ಟವಿಲ್ಲ.

ಯಾದಗಿರಿ_ಫಿಟ್ಟರ್

ಹಿರಿಯರ ಮಾತಿಗೆ ಎದುರಾಡುತ್ತಿದ್ದೇನೆಂದು ಭಾವಿಸಬಾರದು. ಫಿಟ್ಟರನ ಹಳೆಯ ವಿಧಾನವೊಂದು ಇಲ್ಲಿ ಯಂತ್ರವಿಲ್ಲದೆಯೇ ನಡೆಯುತ್ತದೆ. ಹಳೆಯ ತೂತಿಗೆ ಅಲ್ಯೂಮಿನಿಯಂ ಗುಂಡನ್ನು ತಾತ್ಕಾಲಿಕವಾಗಿ ಬಡಿದು, ಹೊಸ ನಡುಬಿಂದುವಿಗೆ ಸಣ್ಣ ಪಂಚ್ ಹೊಡೆದು, ಡಿವೈಡರಿನಿಂದ 5ರ ವೃತ್ತ ಗೀರಬೇಕು. ಗುಂಡನ್ನು ತೆಗೆದು, ವೃತ್ತದ ಒಳಗೆ ಎಲ್ಲ ಕಡೆಯೂ 0.1 ಉಳಿಯುವ ತನಕ ಸಣ್ಣ ದುಂಡು ಫೈಲಿನಿಂದ ದಪ್ಪ ಬದಿಯನ್ನು ಉಜ್ಜಿ, ಕೊನೆಗೆ ಕೈ ರೀಮರ್ ಹಾಕಬೇಕು. ಫೈಲಿಗೆ ಯಾವ ಜಾಡಿನ ಹಂಗೂ ಇಲ್ಲ. ಕೈ ಎತ್ತ ಒತ್ತಿತೋ ಅತ್ತ ಹೋಗುತ್ತದೆ.

ಕಪನೂರು_ಟರ್ನರ್

ಕೈ ಪಳಗಿದವನಿಗೆ ನಡೆಯುತ್ತದೆ, ಒಪ್ಪುತ್ತೇನೆ. 3 ಮಿ.ಮೀ. ದಪ್ಪದಲ್ಲಿ ಫೈಲನ್ನು ನೆಟ್ಟಗೆ ಹಿಡಿಯದಿದ್ದರೆ ತೂತು ಡಮರುವಿನ ಆಕಾರಕ್ಕೆ ತಿರುಗಿ, ರೀಮರ್ ಓರೆಯಾಗಿ ಇಳಿಯುತ್ತದೆ. ಐಟಿಐಯಲ್ಲಿ ವರ್ಷಗಟ್ಟಲೆ ಫೈಲ್ ಹಿಡಿದ ಯಾದಗಿರಿಯವರಿಗೆ ಸುಲಭವೆನಿಸುವುದು ಈ ಹುಡುಗನಿಗೆ ಸುಲಭವಲ್ಲ. ಮಿಲ್ಲಿಂಗ್ ಯಂತ್ರ ಸಿಗುವುದಾದರೆ ಅದೇ ಮೇಲು.

ಸೇಡಂ_ಹವ್ಯಾಸಿ

ನನ್ನ ಗೇರಿನಲ್ಲಿ ತೂತು ಒಂದು ಮಿ.ಮೀ.ಗಿಂತ ಹೆಚ್ಚು ಸರಿದಿದೆ. ಅದಕ್ಕೇನು ದಾರಿ?

ಕಪನೂರು_ಟರ್ನರ್

ಹಳೆಯ ತೂತನ್ನು 8 ಮಾಡಿ, ಕಾಲರ್ (ಇಲ್ಲಿ ಅಂಚಿನಲ್ಲಿ ಹೊರಚಾಚಿದ ಪಟ್ಟಿ) ಇರುವ ಅಲ್ಯೂಮಿನಿಯಂ ಬುಷ್ ತಿರುವಿ, ಲೋಕ್ಟೈಟ್ 638 ಹಚ್ಚಿ ಕೂರಿಸಿ, ಒಂದು ದಿನ ಬಿಟ್ಟು, ಬುಷ್ಷಿನಲ್ಲಿ ಸರಿಯಾದ ಜಾಗಕ್ಕೆ ಹೊಸ ತೂತು ಹಾಕಿರಿ. 638 ಅಂಟು 0.25ರವರೆಗಿನ ಸಂದನ್ನು ತುಂಬುತ್ತದೆ, ಆದರೆ ಅಂಟನ್ನೇ ನಂಬಬಾರದು. ಇಳಿಯುವಾಗಿನ ಪೆಟ್ಟನ್ನು ಕಾಲರ್ ತಡೆಯಬೇಕು. ಅಂಚಿನ ದೂರ ಸಾಲದಿದ್ದರೆ ಹೊಸ ಗೇರ್ ಮಾಡಿರಿ. ಅಲ್ಯೂಮಿನಿಯಂ ಪಟ್ಟಿ ಕೊಳ್ಳುವಾಗ ಎಚ್‌ಇ-30 ಎಂದು ಕೇಳಿರಿ, 6082 ಎಂಬುದೂ ಅದೇ. ಮೆದು ತಗಡು ಮೊದಲ ಇಳಿತಕ್ಕೇ ಬಾಗುತ್ತದೆ.

ಬೀದರ್_ಬಾಲ್ಸಾ

ಹಿತ್ತಾಳೆಯ ಹಾರ್ನ್ ಉಳಿದುಬಿಟ್ಟಿತು. ಹಿತ್ತಾಳೆಯಲ್ಲಿ ಸಾಮಾನ್ಯ ಬಿಟ್ಟು ತಾನಾಗಿಯೇ ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ಬಿಟ್ಟಿನ ಎರಡೂ ಅಂಚುಗಳ ಮುಖವನ್ನು ಸಾಣೆಕಲ್ಲಿನ ತುಂಡಿನಿಂದ ತುಸು ಉಜ್ಜಿ, ಓರೆಯನ್ನು ತೆಗೆದು ನೆಟ್ಟಗೆ ಮಾಡಿದರೆ ಅದು ಕಚ್ಚುವುದಿಲ್ಲ, ಕೆರೆಯುತ್ತದೆ. ಆ ಬಿಟ್ಟನ್ನು ಹಿತ್ತಾಳೆಗೆಂದೇ ಬೇರೆ ಇಡಿ.

ನನ್ನ ಆಯ್ಕೆ ಬೇರೆ. ಗಡಿಯಾರ ರಿಪೇರಿಯವರ ಬಳಿ ಐದು ಮೂಲೆಯ ತೆಳು ಸೂಜಿಯಂಥ ಬ್ರೋಚುಗಳಿರುತ್ತವೆ. 1.6ರಿಂದ 2ರಂಥ ಕೆಲಸಕ್ಕೆ ಅದಕ್ಕಿಂತ ನಯವಾದದ್ದಿಲ್ಲ. ಬ್ರೋಚ್ ತುಸು ಇಳಿಜಾರಾಗಿರುವುದರಿಂದ ಎರಡೂ ಕಡೆಯಿಂದ ಸರಿಸಮನಾಗಿ ತಿರುಗಿಸಿ, ಪಿನ್ನನ್ನು ಆಗಾಗ ಹಾಕಿ ನೋಡುತ್ತಿರಬೇಕು. ಹಾರ್ನಿನ ಸಡಿಲ ಸರ್ವೋವಿನ ನಿಖರತೆಯನ್ನೆಲ್ಲ ನುಂಗುತ್ತದೆ. ಪಿನ್ನು ತನ್ನ ತೂಕಕ್ಕೆ ಜಾರಿ ಬೀಳಬಾರದು, ಬೆರಳಿನಿಂದ ಒತ್ತಿದರೆ ಹೋಗಬೇಕು.

ಕಪನೂರು_ಟರ್ನರ್

ಸರಿಯಾದ ಅಳತೆಯ ರೀಮರ್ ಸಿಗದವರು ಸಿಲ್ವರ್ ಸ್ಟೀಲ್ (ಕಾಯಿಸಿ ಅದ್ದಿ ಗಟ್ಟಿಮಾಡಬಹುದಾದ ಉಕ್ಕು) ಕಂಬಿಯಿಂದ ಡಿ-ಬಿಟ್ ಎಂಬ ಅರ್ಧದುಂಡಿನ ಉಪಕರಣ ಮಾಡಿಕೊಳ್ಳಬಹುದು. ಬೇಕಾದ ವ್ಯಾಸದ ಕಂಬಿಯ ತುದಿಯನ್ನು ಅರ್ಧಕ್ಕೆ, ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚೇ ಉಳಿಯುವಂತೆ ಉಜ್ಜಿ, ಮುಂದಿನ ಅಂಚಿಗೆ ಸ್ವಲ್ಪ ಓರೆ ಕೊಟ್ಟು, ಕೆಂಪಗೆ ಕಾಯಿಸಿ ನೀರಿಗೆ ನೆಟ್ಟಗೆ ಅದ್ದಬೇಕು. ಓರೆಯಾಗಿ ಅದ್ದಿದರೆ ಬಾಗುತ್ತದೆ. ಆಮೇಲೆ ಮುಖವನ್ನು ಹೊಳೆಯುವಂತೆ ಉಜ್ಜಿ, ತುಸು ಹಿಂದಿನಿಂದ ಮೆಲ್ಲಗೆ ಕಾಯಿಸುತ್ತಾ ತುದಿಗೆ ಒಣಹುಲ್ಲಿನ ತಿಳಿ ಹಳದಿ ಬಂದ ಕ್ಷಣ ಮತ್ತೆ ಅದ್ದಬೇಕು. ಅಲ್ಯೂಮಿನಿಯಂ ಮತ್ತು ಹಿತ್ತಾಳೆಗೆ ಇದು ಬಹುಕಾಲ ಬಾಳುತ್ತದೆ.

ಕಲಬುರಗಿ_ರೆಕ್ಕೆ

ಕೆಲಸ ಬಹುತೇಕ ಮುಗಿದಿದೆ. ಗೇರಿನ ತೂತನ್ನು ಕಾಲೇಜಿನ ಮಿಲ್ಲಿಂಗ್ ಯಂತ್ರದಲ್ಲಿ ಸರಿಪಡಿಸಿದೆ. ಎರಡೂ ಆಕ್ಸಲ್ಲುಗಳು ಈಗ ಒಂದೇ ಎತ್ತರದಲ್ಲಿವೆ, 5 ಮಿ.ಮೀ. ರೋಲರ್ ಎರಡೂ ತೂತುಗಳಲ್ಲಿ ಅಲುಗದೆ ಜಾರುತ್ತದೆ. ಹಾರ್ನಿಗೆ ಬ್ರೋಚ್ ಬಳಸಿದೆ. ಸ್ಪಿನ್ನರ್ ತಟ್ಟೆಗೆ ಬೀದರಿನ ಅಣ್ಣನವರ ರೀಮರ್ ಹಾಕಿ, ಮೋಟಾರಿಗೆ ಕೂರಿಸಿ ಕೈಯಲ್ಲಿ ತಿರುಗಿಸಿದೆ. ತಟ್ಟೆಯ ಅಂಚು ಚೆನ್ನಾಗಿಯೇ ಓಡುತ್ತದೆ, ಆದರೆ ಕೋನ್ ಹಾಕಿದಾಗ ಅದರ ಮೂತಿ ಕಣ್ಣಿಗೆ ಕಾಣುವಷ್ಟು ಓಲಾಡುತ್ತದೆ. ತೂತು ಸರಿಯಿದ್ದೂ ಹೀಗೇಕೆ?

ಕಪನೂರು_ಟರ್ನರ್

ತಟ್ಟೆ ಓರೆಯಾಗಿ ಕೂತಿದೆ. ರೀಮರ್ ಹೊರಬಂದ ಬದಿಯಲ್ಲಿ ಉಗುರಿನಿಂದ ಕೆರೆದು ನೋಡು, ಬರ್ (ತೂತಿನ ಅಂಚಿನ ಲೋಹದ ಮುಳ್ಳು) ಎದ್ದಿರುತ್ತದೆ. ಅಡಾಪ್ಟರಿನ ವಾಷರ್ 20 ಮಿ.ಮೀ. ಅಗಲವಿದ್ದು ಅದರ ಒಂದು ಬದಿಯಡಿ 0.05ರ ಬರ್ ಸಿಕ್ಕಿಕೊಂಡರೆ, 60 ಮಿ.ಮೀ. ಮುಂದಿರುವ ಕೋನಿನ ಮೂತಿ 0.15 ಪಕ್ಕಕ್ಕೆ ಹೋಗುತ್ತದೆ, ತಿರುಗಿಸಿದಾಗ ಅದರ ಎರಡರಷ್ಟು ಕಾಣುತ್ತದೆ. 12 ಮಿ.ಮೀ. ಡ್ರಿಲ್ ಬಿಟ್ಟನ್ನು ಬೆರಳಲ್ಲಿ ಹಿಡಿದು ಎರಡೂ ಬದಿಗೆ ಹಗುರವಾಗಿ ಒಂದೆರಡು ಸುತ್ತು ತಿರುಗಿಸು. ಅಡಾಪ್ಟರಿನ ಮುಖವನ್ನೂ ಒರೆಸು, ಹಳೆಯ ಚೂರು ಅಲ್ಲಿಯೂ ಇರಬಹುದು.

ಕಲಬುರಗಿ_ರೆಕ್ಕೆ

ಬರ್ ಇತ್ತು ಕಾಕಾ. ತೆಗೆದ ಮೇಲೆ ಮೂತಿಯಲ್ಲಿ ಡಯಲ್ ತೋರಿಸಿದ್ದು 0.08. ಪೂರ್ಣ ವೇಗದಲ್ಲಿ ಓಡಿಸಿದೆ. ರೆಕ್ಕೆಯ ತುದಿ ನಡುಗುತ್ತಿಲ್ಲ.

ಬೀದರ್_ಬಾಲ್ಸಾ

ಒಳ್ಳೆಯದಾಯಿತು. ರೀಮರನ್ನು ಮರಳಿಸುವ ಮೊದಲು ಹಲ್ಲುಗಳ ನಡುವಿನ ಚೂರುಗಳನ್ನು ಬ್ರಷ್‌ನಿಂದ ತೆಗೆದು, ಎಣ್ಣೆ ಸವರಿ, ಪ್ಲಾಸ್ಟಿಕ್ ಕೊಳವೆಯೊಳಗಿಟ್ಟು ಕಳುಹಿಸಿರಿ. ಬೇರೆ ಉಪಕರಣಗಳ ಜೊತೆ ಒಂದೇ ಚೀಲದಲ್ಲಿ ಹಾಕಬೇಡಿರಿ, ಅಂಚು ಒಂದಕ್ಕೊಂದು ತಾಗಿ ಹಾಳಾಗುತ್ತದೆ. ಸೇಡಂನವರಿಗೂ ಬೇಕಂತೆ, ನೇರವಾಗಿ ಅವರಿಗೇ ತಲುಪಿಸಿದರೂ ಆದೀತು.